ಮೂರೂ ಬೀಳ್ಕೊಡುಗೆಗೆ ಬಂದ ಮುದುಕಿ

ನಾನು ಕಥೆ ಕಟ್ಟುವವಳಲ್ಲ. ಕಥೆ ಕಟ್ಟಿ ಬಾಡಿಗೆ ತಪ್ಪಿಸುವವರನ್ನು ದಿನಾ ನೋಡುವವಳು. ಹೈದರಾಬಾದಿನ ಮಣಿಕೊಂಡದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುತ್ತೇನೆ. ನನ್ನವ್ವ ಸೇಡಂ ಕಡೆಯಿಂದ ಇಲ್ಲಿಗೆ ಇಟ್ಟಿಗೆ ಹೊರಲು ಬಂದವಳು. ನಾನು ಅದೇ ಕೂಲಿಯವರಿಗೆ ರೊಟ್ಟಿ ಬಡಿದು ಮಾರಿ, ಒಂದೊಂದೇ ಕೋಣೆ ಹಿಡಿದು ಮೇಲೆ ಬಂದವಳು. ಯಾರು ಏನೇ ಹೇಳಲಿ, ಅರ್ಧಕ್ಕೆ ಇಳಿಸಿಯೇ ಕೇಳುವುದು ನನ್ನ ರೂಢಿ. ನೀವೂ ಇದನ್ನು ಅರ್ಧಕ್ಕೆ ಇಳಿಸಿಕೊಂಡು ಓದಿ, ಬೇಸರವಿಲ್ಲ. ಉಳಿದ ಅರ್ಧವೇ ಸಾಕು ನಿಮ್ಮ ನಿದ್ದೆ ಕೆಡಿಸಲು...

ಚಿಸೋಮೋ ಎಂಬ ಹುಡುಗಿ ಆಫ್ರಿಕಾದ ಮಲಾವಿ ದೇಶದಿಂದ ಇಲ್ಲಿಗೆ ನರ್ಸಿಂಗ್ ಓದಲು ಬಂದಿದ್ದಳು. ನಾವು ಅವಳನ್ನು ಚಿಸೋ ಅನ್ನುತ್ತಿದ್ದೆವು. ಬಂದ ಹೊಸದರಲ್ಲಿ ನಮ್ಮ ಬೀದಿಯಲ್ಲಿ ಯಾರೂ ಅವಳಿಗೆ ಕೋಣೆ ಕೊಡಲಿಲ್ಲ. ನಾನು ಕೊಟ್ಟೆ. ಬಾಡಿಗೆಯಲ್ಲಿ ಒಂದು ಪೈಸೆ ಬಿಡಲಿಲ್ಲ, ಆದರೆ ಕೊಟ್ಟೆ. ಅದಕ್ಕೆ ಎದುರುಮನೆಯವರು ನನ್ನ ಜೊತೆ ಮಾತು ಬಿಟ್ಟರು. ಮಕ್ಕಳು ಓಡಿಬಂದು ಅವಳ ಕೂದಲು ಮುಟ್ಟಿ ನೋಡಿ, ನಗುತ್ತ ಓಡುತ್ತಿದ್ದವು.

ಓದು ಮುಗಿದು ಅವಳು ಹೊರಡುತ್ತಾಳೆ ಅಂದ ಕೂಡಲೇ ನೋಡಿ... ಎಲ್ಲರಿಗೂ ಅವಳು ಮಗಳಾಗಿಬಿಟ್ಟಳು! ಕಾಲೇಜಿನಲ್ಲೊಂದು ಬೀಳ್ಕೊಡುಗೆ, ಅವಳು ಹೋಗುತ್ತಿದ್ದ ಚರ್ಚಿನಲ್ಲೊಂದು, ಕೊನೆಗೆ ನನ್ನ ಹಾಸ್ಟೆಲಿನಲ್ಲೊಂದು. ಶಾಲು, ಹೂವು, ಫೋಟೋ. ಎದುರುಮನೆಯಾಕೆಯೂ ಬಂದು ಅಪ್ಪಿಕೊಂಡು ಅತ್ತಳು. ದೂರದೇಶಕ್ಕೆ ಓದಲು ಹೋಗುವ ಮಕ್ಕಳಿಗೆ ನನ್ನದೊಂದು ಮಾತು: ನಿಮ್ಮನ್ನು ಕಳಿಸಿಕೊಡಲು ಬಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಂದ ದಿನ ಬಾಗಿಲು ತೆಗೆದವರು ಯಾರು, ಅದನ್ನಷ್ಟೇ ನೆನಪಿಡಿ.

ಹಾಸ್ಟೆಲಿನ ಊಟ ಚಿಸೋ ಹೊರಡುವ ರಾತ್ರಿಯೇ ಇತ್ತು. ವಿಮಾನ ಬೆಳಗಿನ ಜಾವಕ್ಕೆ. ಕೆಳಗಿನ ಹಾಲಿನಲ್ಲಿ ಜಮಖಾನ ಹಾಸಿ ಹುಡುಗಿಯರನ್ನು ಸಾಲಾಗಿ ಕೂರಿಸಿದ್ದೆ. ಬಡಿಸುತ್ತ ಬಾಗಿಲ ಹತ್ತಿರ ಬಂದಾಗ ಸಾಲಿನ ತುದಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಮಾಸಿದ ಇಳಕಲ್ ಸೀರೆ, ಮಡಿಲಲ್ಲಿ ಬಟ್ಟೆಯ ಗಂಟು. ವಾಚ್‌ಮನ್ನಿನ ಕಡೆಯವಳಿರಬೇಕು ಅಂದುಕೊಂಡೆ. ಸಮಾರಂಭದ ದಿನ ಕರೆಯದೆ ಬಂದವರನ್ನು ಎಬ್ಬಿಸುವುದು ನಷ್ಟದ ಕೆಲಸ. ಒಂದು ತಟ್ಟೆ ಹೋದರೂ ಹೆಸರು ಉಳಿಯುತ್ತದೆ. ಅವಳಿಗೂ ರೊಟ್ಟಿ, ಪುಂಡಿಪಲ್ಯ ಬಡಿಸಿದೆ.

ಬಗ್ಗಿದಾಗ ಮೂಗಿಗೆ ಬಂತು ವಾಸನೆ... ಹಸಿ ಸಿಮೆಂಟು, ತಂಬಾಕು, ಅದರ ಕೆಳಗೆ ಆಸ್ಪತ್ರೆಯ ಫಿನೈಲು.

ಮುದುಕಿ ತಟ್ಟೆ ಮುಟ್ಟಲಿಲ್ಲ. ಚಿಸೋಳನ್ನೇ ನೋಡುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಕೂತವರು ಬಸ್ಸು ಬರುವ ದಾರಿ ನೋಡುತ್ತಾರಲ್ಲ, ಹಾಗೆ.

ಚಿಸೋಳ ಸಹಪಾಠಿ ಸುನೀತಾ, ಮಹಬೂಬನಗರದ ತೆಲುಗಿನವಳು, ನನ್ನ ಹಿಂದೆ ಅಡುಗೆಮನೆಗೆ ಬಂದಳು.

"ಅಕ್ಕಾ, ಆ ಅವ್ವ ಎವರು? ನಿಮ್ಮ ಪೈಕಿಯಾ?"

"ನಂಗೇನ್ ಗೊತ್ತವ್ವಾ? ಯಾಕ?"

"ಕಾಲೇಜಿನ ಫೇರ್‌ವೆಲ್‌ಗೂ ಬಂದಿತ್ತು. ಕೊನೇ ಕುರ್ಚೀಲಿ ಕೂತಿತ್ತು. ಹಾಸ್ಟೆಲ್ ಅಕ್ಕನ ತಾಯಿ ಇರ್ಬೇಕು ಅಂದ್ಕೊಂಡ್ವಿ ಎಲ್ಲಾರೂ. ಚರ್ಚ್‌ನಾಗೂ ಇತ್ತಂತೆ. ಅಲ್ಲಿನವರು ಕಾಲೇಜಿನ ಆಯಾ ಅಂದ್ಕೊಂಡರಂತೆ."

ನನ್ನವ್ವ ತೀರಿಕೊಂಡು ವರ್ಷಗಳಾದವು. ಸೌಟು ಕೆಳಗಿಟ್ಟೆ.

ಹಾಲಿಗೆ ಬಂದು ನೋಡಿದರೆ ಸಾಲಿನ ತುದಿ ಖಾಲಿ. ತಟ್ಟೆ ಇತ್ತು, ರೊಟ್ಟಿ ಇತ್ತು. ಮಗ್ಗುಲಲ್ಲಿ ಕೂತ ಹುಡುಗಿಗೆ, "ಇಲ್ಲಿದ್ದ ಮುದುಕಿ ಎಲ್ಲಿ?" ಅಂದೆ. "ಎದ್ದಿದ್ದು ನೋಡ್ಲಿಲ್ಲಲ್ಲಕ್ಕಾ," ಅಂದಳು.

ಚಿಸೋ ನನ್ನ ಮುಖ ನೋಡಿ ಎದ್ದು ಬಂದಳು. ಸುನೀತಾ ಹೇಳಿದ್ದನ್ನು ಕೇಳಿ ಒಂದೇ ಪ್ರಶ್ನೆ ಕೇಳಿದಳು. "ಮೂಗಿನ ಪಕ್ಕ ಗುರುತು ಇತ್ತೇನಕ್ಕಾ? ಚೌಕ?"

ಇತ್ತು. ಎಡಗೆನ್ನೆಯ ಮೇಲೆ, ಮೂಗಿಗೆ ಹತ್ತಿ, ಅಂಟುಪಟ್ಟಿ ಕಿತ್ತರೆ ಉಳಿಯುವಂಥ ಬಿಳಿಚಿದ ಚೌಕ. ಬಡಿಸುವಾಗ ಕಂಡಿತ್ತು.

"ಮೂಗಿನ ನಳಿಗಿ ಹಿಡದಿದ್ದ ಆ ಪಟ್ಟಿ ನಾನೇ ತಗದೀನಿ," ಅಂದಳು ಚಿಸೋ. "ಆಕಿ ಸತ್ತ ಮ್ಯಾಲೆ."

ಆಕೆಯ ಹೆಸರು ಭೀಮವ್ವ. ಚಿಸೋ ತರಬೇತಿಗೆ ಹೋಗುತ್ತಿದ್ದ ವಾರ್ಡಿನಲ್ಲಿ ನಮ್ಮ ಕಡೆಯ ಕೂಲಿಯವರು ಬಹಳ. ಅವರ ಜೊತೆ ಮಾತಾಡಲೆಂದೇ ಅವಳು ನನ್ನ ಅಡುಗೆಮನೆಯಲ್ಲಿ ಕೂತು ಕನ್ನಡ ಕಲಿತಿದ್ದು. ಭೀಮವ್ವ ಕಟ್ಟಡದ ಕೆಲಸದಲ್ಲಿ ಕುಸಿದುಬಿದ್ದವಳು. ಮೇಸ್ತ್ರಿ ಆಸ್ಪತ್ರೆಗೆ ಸೇರಿಸಿ ಹೋದವನು ತಿರುಗಿ ಬರಲಿಲ್ಲ. ನಮ್ಮ ಸೇಡಂ ದಾರಿಯಲ್ಲೇ ಅವಳ ಊರು, ಅಲ್ಲಿ ತಮ್ಮನೊಬ್ಬ ಇದ್ದಾನೆ ಅನ್ನುತ್ತಿದ್ದಳಂತೆ. ಸಂಜೆಯಾದರೆ ಸಾಕು, ಒಂದೇ ರಾಗ: "ಮನಿಗೆ ಕರಕೊಂಡು ಹೋಗವ್ವಾ..."

ರೋಗಿಗೆ ಇಲ್ಲ ಅನ್ನಬಾರದು, ಹೂಂ ಅಂದುಬಿಡು, ಬೆಳಗಾದರೆ ಮರೆತಿರುತ್ತಾರೆ. ಇದು ವಾರ್ಡಿನ ಹಿರಿಯ ಸಿಸ್ಟರ್ ಕಲಿಸಿದ ಪಾಠ. ಅದನ್ನು ಕನ್ನಡದಲ್ಲಿ ಹೇಗೆ ಹೇಳಲಿ ಎಂದು ಚಿಸೋ ನನ್ನನ್ನು ಕೇಳಿದ್ದಳು. "ನಾ ಹೋಗೋವಾಗ ನಿನ್ನನ್ನೂ ಕರಕೊಂಡು ಹೋಗ್ತೀನಿ ಅವ್ವಾ" ಎಂದು ಹೇಳಿಕೊಟ್ಟಿದ್ದೆ. ಆ ಮಾತು ಕೇಳಿದರೆ ಭೀಮವ್ವ ಗಂಜಿ ಕುಡಿದು ಮಲಗುತ್ತಿದ್ದಳಂತೆ.

ಮರೆತಿರಲಿಲ್ಲ.

ಇನ್ನೊಂದು ವಿಷಯ ನನಗೆ ಆ ರಾತ್ರಿ ತಿಳಿಯಿತು. ಸತ್ತವರ ಮೈ ಒರೆಸುವಾಗಲೂ ಹೆಸರು ಹಿಡಿದು ಮಾತಾಡಿಸಬೇಕು, ಏನು ಮಾಡುತ್ತಿದ್ದೇವೆ ಹೇಳುತ್ತಿರಬೇಕು ಎಂದು ಇವರಿಗೆ ಕಲಿಸುತ್ತಾರೆ. ಭೀಮವ್ವಾ, ಈಗ ಬಲಕ್ಕ ಹೊರಳಸ್ತೀನಿ. ಭೀಮವ್ವಾ, ಈಗ ಮುಖ ಒರಸ್ತೀನಿ. ಹಾಗೆ ಒರೆಸುತ್ತ ಒರೆಸುತ್ತ ಚಿಸೋಗೆ ಬೇರೆ ಮಾತು ತೋಚದೆ ಅದನ್ನೇ ಮತ್ತೆ ಅಂದಿದ್ದಾಳೆ. ನಾ ಹೋಗೋವಾಗ ನಿನ್ನನ್ನೂ ಕರಕೊಂಡು ಹೋಗ್ತೀನಿ...

ಆ ಹೆಣ ಕೇಳಿಕೊಂಡು ಯಾರೂ ಬರಲಿಲ್ಲ.

"ಮೂರೂ ಕಡೆ ಮೈಕ್ ಹಿಡಕೊಂಡು ಹೇಳೀನಕ್ಕಾ, ನಾ ಹೊಂಟೀನಿ ಅಂತ," ಅಂದಳು. "ಅದಕ್ಕೇ ಬಂದಾಳ."

ನಾನು ಬೈದೆ. ಊಟ ಹೆಚ್ಚಾಗಿದೆ, ನಿದ್ದೆ ಕಡಿಮೆಯಾಗಿದೆ ಅಂದೆ. ಹೊರಡುವವರ ತಲೆ ಹಗುರ ಮಾಡಿ ಕಳಿಸಬೇಕು. ಪೆಟ್ಟಿಗೆ ಕಾರಿಗೆ ಹಾಕಿಸಿ ನಾನೇ ಮುಂದೆ ಕೂತೆ, ಅವಳು ಹಿಂದೆ. ಡ್ರೈವರ್ ಸಲೀಂ ನನ್ನ ರೊಟ್ಟಿಯ ಹಳೆಯ ಗಿರಾಕಿ, ಮಾತು ಕಡಿಮೆ. ಬೇರೆ ಯಾರೂ ಏರ್‌ಪೋರ್ಟಿಗೆ ಬರಲಿಲ್ಲ. ಫೋಟೋ ಮುಗಿದಿತ್ತಲ್ಲ!

ರಿಂಗ್ ರೋಡಿನಿಂದ ಇಳಿದು ಶಂಶಾಬಾದಿನ ಕಡೆ ಸರ್ವಿಸ್ ರೋಡು ಹಿಡಿದೆವು. ಒಂದು ಕಡೆ ಅರ್ಧ ಎದ್ದ ಕಟ್ಟಡಗಳು, ಇನ್ನೊಂದು ಕಡೆ ಕತ್ತಲು. ಕಾರಿನೊಳಗೆ ಎಸಿ ಹಾಕಿತ್ತು, ಗಾಜು ಮುಚ್ಚಿತ್ತು. ಆದರೂ ಹಸಿ ಸಿಮೆಂಟಿನ ವಾಸನೆ...

ಆಮೇಲೆ ಉಸಿರು. ಗಂಟಲಲ್ಲಿ ಕೊಳವೆ ಇದ್ದವರ ಉಸಿರಿನ ಹಾಗೆ, ಸಣ್ಣಗೆ ಸಿಳ್ಳೆ ಹಾಕುವ ಉಸಿರು. ಸಲೀಂ ಕನ್ನಡಿಯಲ್ಲಿ ಒಮ್ಮೆ ನೋಡಿದ. ಮತ್ತೆ ನೋಡಲಿಲ್ಲ. ತುಟಿ ಮಾತ್ರ ಅಲುಗಾಡುತ್ತಿತ್ತು. ಏನೋ ಓದಿಕೊಳ್ಳುತ್ತಿದ್ದ.

ನಾನು ಹಿಂದೆ ತಿರುಗಿದೆ. ಅಷ್ಟು ದೊಡ್ಡ ಸೀಟಿನಲ್ಲಿ ಚಿಸೋ ಬಾಗಿಲಿಗೆ ಒತ್ತಿಕೊಂಡು ಕೂತಿದ್ದಳು, ನಡುವೆ ಯಾರಿಗೋ ಜಾಗ ಬಿಟ್ಟವಳ ಹಾಗೆ. ಅವಳ ಎಡಗೈ ಸೀಟಿನ ಮೇಲೆ. ಬಲಗೈಯ ಬೆರಳುಗಳು ಅದರ ಪಕ್ಕದ ಗಾಳಿಯಲ್ಲಿ ಏನನ್ನೋ ಮೆಲ್ಲಗೆ ಒತ್ತಿ ಒತ್ತಿ ಹುಡುಕುತ್ತಿದ್ದವು.

"ಏನ್ ಮಾಡಾಕತ್ತೀ?"

"ಕೈ ಹಿಡದಾಳಕ್ಕಾ. ನಾಡಿ ನೋಡಾಕತ್ತೀನಿ." ಪಿಸುಮಾತು. "ಸಿಗವಲ್ದು."

ನನಗೆ ಅಳು ಬಂತೋ ಚಳಿ ಬಂತೋ ಹೇಳಲಾರೆ.

"ನಾ ಹೋಗಂಗಿಲ್ಲಕ್ಕಾ," ಅಂದಳು. "ಮನಿಯಾಗ ನನ್ನ ತಂಗೀದು ಕೂಸು ಐತಿ, ಹಸಿಗೂಸು. ಈಕಿನ್ನ ಆ ಮನಿಗೆ ಹ್ಯಾಂಗ ಕರಕೊಂಡು ಹೋಗ್ಲಿ? ಬಿಟ್ಟು ಹ್ಯಾಂಗ ಹೋಗ್ಲಿ? ಮಾತು ಕೊಟ್ಟೀನಿ. ಗಾಡಿ ತಿರಗಸ್ರಿ."

ತಿರುಗಿಸಿದರೆ ವಿಮಾನ ತಪ್ಪುತ್ತದೆ. ಇವತ್ತು ತಪ್ಪಿಸಿದವಳು ನಾಳೆಯೂ ತಪ್ಪಿಸುತ್ತಾಳೆ. ನಾಲ್ಕು ವರ್ಷ ತಾಯಿಯ ಮುಖ ನೋಡದ ಹುಡುಗಿ. ಓದಿದ ಓದು, ಕಾದು ಕೂತ ಮನೆ, ಎಲ್ಲ ಒಂದು ಸುಳ್ಳು ಸಮಾಧಾನಕ್ಕೆ ಹೋಗಬೇಕೆ?

"ಸಲೀಂ, ಬಾಜೂ ಮೇ ರೋಕೋ," ಅಂದೆ. ಗಾಡಿ ಬದಿಗೆ ನಿಂತಿತು.

ಇಳಿದು ಹಿಂಬಾಗಿಲು ತೆಗೆದೆ. ಚೌಕಾಸಿ ನನ್ನ ವಿದ್ಯೆ. ಎದುರಿಗೆ ಇರುವವರಿಗೆ ಏನು ಬೇಕು ಅನ್ನುವುದು ಗೊತ್ತಿದ್ದರೆ ಅರ್ಧ ವ್ಯಾಪಾರ ಮುಗಿದ ಹಾಗೆ. ಖಾಲಿ ಸೀಟಿಗೆ ಹೇಳಿದೆ:

"ಭೀಮವ್ವಾ, ಈ ಹುಡುಗಿ ಹೊಂಟಿದ್ದು ನಿಮ್ಮೂರಿಗೆ ಅಲ್ಲ. ಸಮುದ್ರದ ಆಚೀಕಡಿ. ಅಲ್ಲಿ ನಿನ್ನ ಮಾತು ಒಬ್ಬರಿಗೂ ತಿಳ್ಯಂಗಿಲ್ಲ. ಜ್ವಾಳದ ರೊಟ್ಟಿ ಇಲ್ಲ, ನಿನ್ನೋರು ಅಂತ ಒಬ್ಬರಿಲ್ಲ. ಅಲ್ಲಿ ಹೋಗಿ ಏನ್ ಮಾಡ್ತಿ?"

ಸಿಳ್ಳೆ ಉಸಿರು ನಿಂತಿತು. ಕೇಳುತ್ತಿದ್ದಳು.

"ಈಕಿ ಕೈ ಬಿಡು. ಈಕಿ ಮಾತು ನಾ ತಗೊಂತೀನಿ. ನಿಮ್ಮೂರು ನಮ್ಮೂರಿನ ದಾರಿಯಾಗೇ ಐತಿ. ನಿನ್ನ ತಮ್ಮನ ಮನಿ ಬಾಗಿಲ ತನಕ ನಾ ಬಿಡ್ತೀನಿ. ನಾ ವ್ಯಾಪಾರದಾಗ ಮಾತು ತಪ್ಪಿದಾಕಿ ಅಲ್ಲ."

ಎಷ್ಟು ಹೊತ್ತೋ... ಮೇಲೆ ಒಂದು ವಿಮಾನ ಹೋಯಿತು. ಆಮೇಲೆ ಸೀಟು ಮೆಲ್ಲಗೆ ಮೇಲೆದ್ದಿತು, ಭಾರ ಇಳಿದಾಗ ಸ್ಪಂಜು ಏಳುವ ಹಾಗೆ. ನನ್ನ ಮೊಣಕೈಗೆ ಒರಟು ಸೀರೆ ಸವರಿತು. ಚಿಸೋ ತನ್ನ ಕೈಯನ್ನು ಎದೆಗೆ ಒತ್ತಿಕೊಂಡು, "ಬಿಟ್ಟಳು," ಅಂದಳು.

ಏರ್‌ಪೋರ್ಟಿನ ಬಾಗಿಲಲ್ಲಿ ನನ್ನ ಕಾಲು ಮುಟ್ಟಿದಳು. "ಮುಟ್ಟಸ್ರಿ ಅಕ್ಕಾ," ಅಂತಷ್ಟೇ ಅಂದಳು. ಹಿಂತಿರುಗುವ ದಾರಿಯಲ್ಲಿ ವಾಸನೆ ನನ್ನ ಪಕ್ಕದಲ್ಲಿತ್ತು.

ಎರಡನೆಯ ದಿನ ಹೊರಟೆ. ಭೀಮವ್ವನ ಊರಿನ ಹೆಸರು, ತಮ್ಮನ ಹೆಸರು ಚಿಸೋಳೇ ಹೇಳಿದ್ದಳು. ತಾಂಡೂರು ದಾಟಿ, ಬಸ್ಸು ಬದಲಿಸಿ, ಹಳ್ಳಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗಿತ್ತು. ನನ್ನ ಹಿಂದೆ ಧೂಳಿನಲ್ಲಿ ಚಪ್ಪಲಿ ಎಳೆಯುವ ಸದ್ದು. ಹೊರಟಾಗಿನಿಂದ ಇತ್ತು. ಹಗಲಿನಲ್ಲಿ ಅದು ಇನ್ನೂ ಕೆಟ್ಟದಾಗಿ ಕೇಳುತ್ತದೆ.

ತಮ್ಮ ಹೊಸ್ತಿಲ ಮೇಲೇ ಕೂತಿದ್ದ. ವಿಷಯ ಹೇಳಿದೆ.

"ಸತ್ತಳೇನು?" ಅಂದ. ಎದ್ದು ನಿಲ್ಲಲಿಲ್ಲ. "ಈಗ ನಾ ಏನ್ ಸಹಿ ಮಾಡಬೇಕ್ರಿ? ನಾ ಏನೂ ಮಾಡಂಗಿಲ್ಲ ಮತ್ತ."

"ಸಹಿ ಬ್ಯಾಡಪ್ಪಾ. ಮನಿಗೆ ಬರಬೇಕಂತ ಭಾಳ ಹಂಬಲಿಸ್ತಿದ್ದಳು. ಒಂದು ದೀಪ ಹಚ್ಚು. ಅಕ್ಕಾ, ಒಳಗ ಬಾ ಅಂತ ಒಂದು ಸಲ ಅನ್ನು. ಅಷ್ಟ."

"ಇದ್ದಾಗೇ ಆಕಿಗೆ ಇಲ್ಲಿ ಜಾಗಾ ಇರಲಿಲ್ಲ. ಸತ್ತ ಮ್ಯಾಲೆ ಎಲ್ಲಿಂದ ತರ್ಲಿ?" ಅಂದ. ನಕ್ಕನೂ ಕೂಡ.

ಒಳಗಿನಿಂದ ಅವನ ಹೆಂಡತಿಯ ದನಿ: "ಸೂತಕದ ಸುದ್ದಿ ತಗೊಂಡು ಬಾಗಿಲಿಗೆ ಬಂದು ನಿಂತಾರ! ಸರೀರಿ ನೀವು." ಗಂಡನನ್ನು ಎಬ್ಬಿಸಿ, ಕೊಡದಿಂದ ನೀರು ತಂದು ಹೊಸ್ತಿಲ ಮುಂದೆ ಸುರಿದಳು. ಗಾರೆಯ ಕಟ್ಟೆ ಪೂರ್ತಿ ಒದ್ದೆಯಾಯಿತು.

ಪೂರ್ತಿ ಅಲ್ಲ. ಹೊಸ್ತಿಲಿಗೆ ಎದುರಾಗಿ ಎರಡು ಪಾದದಷ್ಟು ಜಾಗ ಒಣಗಿಯೇ ಇತ್ತು. ನೀರು ಅದರ ಸುತ್ತ ಹರಿದು ಹೋಯಿತು. ಆ ಪಾದಗಳ ಬೆರಳುಗಳು ಮನೆಯ ಒಳಗಡೆಗೆ ಮುಖ ಮಾಡಿದ್ದವು.

ಅವಳೂ ನೋಡಿದಳು, ಅವನೂ ನೋಡಿದ. ಬಾಗಿಲು ಹಾಕಿಕೊಂಡರು. ಒಳಗೆ ಚಿಲಕ ಬಿದ್ದ ಸದ್ದಾಯಿತು.

ನಾನು ನನ್ನ ಮಾತು ಉಳಿಸಿಕೊಂಡಿದ್ದೆ. ಬಾಗಿಲ ತನಕ ಅಂದಿದ್ದೆ, ಬಾಗಿಲ ತನಕ ಬಿಟ್ಟೆ. ನ್ಯಾಯವಾಗಿ ನೋಡಿದರೆ ವ್ಯಾಪಾರ ಅಲ್ಲಿಗೆ ಮುಗಿಯಬೇಕು. ಬಸ್ಸಿನ ಕಡೆಗೆ ಬೇಗ ಬೇಗ ನಡೆದೆ. ಹಿಂದೆ ಏನೂ ಕೇಳಲಿಲ್ಲ. ಊರ ಅಗಸೆ ದಾಟುವ ತನಕ ಏನೂ ಇಲ್ಲ. ಆಮೇಲೆ, ದೂರದಲ್ಲಿ... ಚಪ್ಪಲಿ. ಮೆಲ್ಲಗೆ. ಕರೆಯದವರ ಹಿಂದೆ ಬರುವವರ ನಡಿಗೆ.

ನಾನು ನಿಂತೆ. ಯಾಕೆ ನಿಂತೆ ಎಂದು ಈಗಲೂ ನನ್ನನ್ನು ಕೇಳಿಕೊಳ್ಳುತ್ತೇನೆ.

ಹಾಸ್ಟೆಲಿಗೆ ಬಂದ ರಾತ್ರಿ ಚಿಸೋ ಫೋನ್ ಮಾಡಿದಳು. ಹಿನ್ನೆಲೆಯಲ್ಲಿ ಕೂಸಿನ ಅಳು, ಹೆಂಗಸರ ನಗು. "ಅಕ್ಕಾ, ಭೀಮವ್ವ ಮನಿ ಮುಟ್ಟಿದಳೇನು?"

ಕೆಳಗಿನ ಹಾಲು ಕತ್ತಲಾಗಿತ್ತು. ಬಾಗಿಲ ಹತ್ತಿರ, ಗೋಡೆಗೆ ಒರಗಿದಲ್ಲಿಂದ ಸಣ್ಣ ಸಿಳ್ಳೆಯಂಥ ಉಸಿರು ಬರುತ್ತಿತ್ತು. ನನ್ನ ಉತ್ತರ ಕೇಳಲೆಂದೋ ಏನೋ, ಅದು ನಿಂತಿತು.

"ಮುಟ್ಟಿದಳವ್ವಾ," ಅಂದೆ. "ಆರಾಮ ಅದಾಳ."

ಫೋನ್ ಇಟ್ಟ ಮೇಲೂ ತುಂಬ ಹೊತ್ತು ಆ ಉಸಿರು ಮತ್ತೆ ಶುರುವಾಗಲಿಲ್ಲ. ನಾನು ದೀಪ ಹಾಕಲಿಲ್ಲ. ಬಾಡಿಗೆ ಕೊಡದ ಎಷ್ಟೋ ಜನರನ್ನು ಈ ಮನೆಯಿಂದ ಎಬ್ಬಿಸಿ ಕಳಿಸಿದ್ದೇನೆ, ಒಂದೇ ಮಾತಿನಲ್ಲಿ, ಒಂದೇ ಸಂಜೆಯಲ್ಲಿ. ಇವಳಿಗೆ ಏನು ಹೇಳಲಿ? ಎಲ್ಲಿಗೆ ಹೋಗು ಅನ್ನಲಿ?