ಬೆನ್ನ ಮೇಲಿನ ಗೆರೆ

ಟೈಲರ್‌ಗೆ ಮೊದಲು ಕೈಕೊಟ್ಟಿದ್ದು ಕಾಲು. ಅಂಗಡಿಯ ಮೆಟ್ಟಿಲಿಳಿಯುವಾಗ ತೂರಾಡಿದ. "ಏನಯ್ಯಾ, ಬೆಳಗ್ಗೇನೇ ಏರಿಸ್ಬಿಟ್ಟಿದ್ದೀಯಾ?" ಎಂದು ಎದುರಂಗಡಿಯ ಭಾವ ಛೇಡಿಸಿದ. ಆಮೇಲೆ ತಲೆನೋವು, ವಾಂತಿ. ಸ್ಕ್ಯಾನಿನಲ್ಲಿ ಹಿಂಮೆದುಳಲ್ಲಿ ಗೆಡ್ಡೆ ಕಂಡಿತು.

"ಇದು ಹೆಚ್ಚಾಗಿ ಮಕ್ಕಳಿಗೆ ಬರೋ ಕ್ಯಾನ್ಸರ್. ದೊಡ್ಡವರಲ್ಲಿ ತುಂಬಾ ಅಪರೂಪ," ಎಂದರು ಡಾಕ್ಟರು. ಹೆಂಡತಿ ಮೂವತ್ತೆಂಟರ ಗಂಡನನ್ನೂ ಮಡಿಲಲ್ಲಿದ್ದ ಎರಡು ವರ್ಷದ ಮಗಳನ್ನೂ ನೋಡಿದಳು.

ಗೆಡ್ಡೆ ತೆಗೆದರು. ಅದರ ಕಣಗಳು ಬೆನ್ನುಹುರಿಗೂ ಇಳಿದಿರಬಹುದೆಂದು ತಲೆಗೂ ಬೆನ್ನಿಗೂ ಮೂವತ್ತು ಸಲ ವಿಕಿರಣ. ನಡುವೆ ತಪ್ಪಿಸಲೇಬಾರದು. ಕಿರಣ ಬೀಳಬೇಕಾದ ಜಾಗಕ್ಕೆ ತಂತ್ರಜ್ಞೆ ಶಾಯಿಯ ಗೆರೆ ಎಳೆದಿದ್ದಳು. ಅದು ಅಳಿಸದಂತೆ ಕಾಯುವುದು ಹೆಂಡತಿಯ ಪಾಲಿಗೆ ಬಂತು.

ಹನ್ನೆರಡು ಸಲ ಮುಗಿಯುವಷ್ಟರಲ್ಲಿ ಗೆರೆ ಬೆವರಿಗೆ ಮಾಸಿತು. ಭಾನುವಾರ ಆಸ್ಪತ್ರೆಗೆ ರಜೆ. ಕಿರಣ ಎಲ್ಲೋ ಬಿದ್ದು ಇನ್ನೇನೋ ಆಗಿಬಿಟ್ಟರೆ? ಅವಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಗಂಡನನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೋರಲು ಮಲಗಿಸಿ ಪೆನ್ನು ಹಿಡಿದಳು. ನೋಡಿದರೆ, ಗೆರೆ ನಡುವೆ ಬೆರಳಗಲ ಎಡಕ್ಕೆ ವಾಲಿದೆ! ಹನ್ನೆರಡು ವರ್ಷ ಅವನ ಜೊತೆ ಬಟ್ಟೆಗೆ ಗುರುತು ಹಾಕಿದ ಕೈ ಸುಮ್ಮನಿದ್ದೀತೇ? ಟೇಪು ಹಿಡಿದು ಕುತ್ತಿಗೆಯಿಂದ ಸೊಂಟದವರೆಗೆ ನೆಟ್ಟಗೆ ಎಳೆದಳು. ಹಳೆಯದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಯೂ ಬಿಟ್ಟಳು.

ಸೋಮವಾರ ಆಸ್ಪತ್ರೆಯಲ್ಲಿ ಗಂಡ ಅಂಗಿ ಬಿಚ್ಚಿ ನಿಂತಾಗ ಅವನ ಬಲಭುಜ ಅವಳ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷ ಮೆಷಿನ್ನಿಗೆ ಬಾಗಿ ಬಾಗಿ ಇಳಿದುಹೋದ ಭುಜ. ಅದಕ್ಕೆಂದೇ ಅವನ ಅಂಗಿಗಳನ್ನು ಅವಳು ಒಂದು ಬದಿ ತಗ್ಗಿಸಿ ಹೊಲಿಯುತ್ತಿದ್ದಳು. ವಾಲಿದ್ದು ಗೆರೆಯಲ್ಲ, ಬೆನ್ನು. ತಂತ್ರಜ್ಞೆ ಆಗಲೇ ಅವನನ್ನು ಮಲಗಲು ಕರೆಯುತ್ತಿದ್ದಳು. ಹೇಳಿದರೆ ಇವತ್ತಿನದು ತಪ್ಪುತ್ತದೆ. ಹೇಳದಿದ್ದರೆ?

"ಅಕ್ಕಾ, ತಡೀರಿ. ಆ ಗೆರೆ ನಾನು ಎಳೆದಿದ್ದು."

"ನೀವಾ? ಯಾಕಮ್ಮಾ?"

"ಸೊಟ್ಟ ಇತ್ತು ಅಂತ..."

ತಂತ್ರಜ್ಞೆ ಬಗ್ಗಿ ಗೆರೆಯನ್ನು ನೋಡಿದಳು. "ಬೆನ್ನು ಹೇಗಿದೆಯೋ ಹಾಗೇ ಹಾಕ್ತೀವಿ ನಾವು. ಸದ್ಯ, ಹೇಳಿದ್ರಲ್ಲ. ಮತ್ತೆ ಸ್ಕ್ಯಾನ್ ಮಾಡಿ ಗುರುತು ಹಾಕ್ಬೇಕು, ಇವತ್ತು ಕೊಡಕ್ಕಾಗಲ್ಲ."

"ಅಯ್ಯೋ, ನನ್ನಿಂದ ಒಂದು ದಿನ ಹೋಯ್ತಲ್ಲಾ!"

"ಡಾಕ್ಟರ್‌ನ ಕೇಳಿ ಸರಿಮಾಡ್ತೀವಿ. ಇನ್ಮೇಲೆ ಮಾಸಿದ್ರೆ ಫೋನ್ ಮಾಡಿ, ಪೆನ್ನು ಮುಟ್ಬೇಡಿ."

"ಮದುವೆಯಾದಾಗಿಂದ ನನ್ನನ್ನ ನೆಟ್ಟಗೆ ಮಾಡೋಕೇ ನೋಡ್ತಿದ್ದಾಳೆ, ಬಿಡಿ ಮೇಡಂ," ಎಂದ ಟೈಲರ್. ತಂತ್ರಜ್ಞೆ ನಕ್ಕಳು. ಹೆಂಡತಿಗೆ ನಗು ಬರಲಿಲ್ಲ. ಅವನ ಅಂಗಿಯನ್ನು ಎದೆಗವಚಿಕೊಂಡು ಸ್ಕ್ಯಾನ್ ಕೋಣೆಯ ಬಾಗಿಲವರೆಗೂ ಹೋದಳು. ಒಳಗೆ ಅವನು ಬೋರಲು ಮಲಗಿದ. ತಂತ್ರಜ್ಞೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಆ ನೇರ ಗೆರೆಯನ್ನು ಮೇಲಿನಿಂದ ಕೆಳಗೆ ಒರೆಸತೊಡಗಿದಳು. ಪೂರ್ತಿ ಹೋಗುವವರೆಗೂ ಹೆಂಡತಿ ಕಣ್ಣು ಕೀಳಲಿಲ್ಲ.