ಜನರಲ್ ಮಾಡಿಸಿದ ಬುಡುಗಡೆ

ಚೀನಾದ ಕೆಂಪು ಸೈನ್ಯದ ಜನರಲ್ ಒಬ್ಬನ ಜೀವನಚರಿತ್ರೆಯನ್ನು ಕನ್ನಡಕ್ಕೆ ತಂದವನು ನಾನು. ಹುಣಸೂರಿನಲ್ಲಿ ಮೇಷ್ಟ್ರಾಗಿ ನಿವೃತ್ತನಾದವನಿಗೆ ಈ ಊರ ಉಸಾಬರಿ ಏಕೆಂದು ಹೆಂಡತಿ ಆಗಲೇ ಹೇಳಿದ್ದಳು. ಕೇಳಲಿಲ್ಲ. ಬಡ ರೈತನ ಮಗ ಆತ. ಹಸಿವಿಗೆ ಸೊಂಟದ ಬೆಲ್ಟನ್ನೇ ಬೇಯಿಸಿ ತಿಂದು ನಡೆದವನು, ಕೊನೆಗೆ ತನ್ನ ಪಕ್ಷದವರಿಂದಲೇ ಬೈಸಿಕೊಂಡು ಮೂಲೆಗುಂಪಾದವನು. ನನಗೆ ಅವನ ಮೇಲೆ ಪ್ರೀತಿ ಬಂದುಬಿಟ್ಟಿತ್ತು, ಸುಳ್ಳೇಕೆ ಹೇಳಲಿ.

ಅಚ್ಚಿಗೆ ಹೋಗುವ ಮುಂಚೆ ಅದರಲ್ಲಿ ಬರುವ ಟಿಬೆಟಿನ ಊರುಗಳ ಹೆಸರನ್ನು ಹೇಗೆ ಉಚ್ಚರಿಸುತ್ತಾರೆಂದು ಕೇಳೋಣವೆಂದು ಕರಡು ಹಿಡಿದು ಟಿಬೆಟಿನವರ ಕ್ಯಾಂಪಿಗೆ ಹೋದೆ. ಪರಿಚಯದ ಮುದುಕರೊಬ್ಬರು ಮುಸುಕಿನ ಜೋಳ ಬಿಡಿಸುತ್ತಿದ್ದರು. ಏಳು ವರ್ಷದವರಿದ್ದಾಗ ಸೋದರಮಾವನ ಬೆನ್ನ ಮೇಲೆ ಹಿಮದ ಬೆಟ್ಟ ದಾಟಿ ಬಂದವರು. ತಾಯಿ ದಾರಿಯಲ್ಲಿದ್ದ ಹೊಳೆಯ ಆಚೆಗೇ ಉಳಿದಳು. ಅವಳ ಸುದ್ದಿ ಇವತ್ತಿನವರೆಗೂ ಇಲ್ಲ. ಅವರಿಗೆ ಕನ್ನಡ ಓದಲು ಬಾರದು, ಆದರೆ ಹೊಲದ ಕೂಲಿಯವರಿಂದ ಕಲಿತ ಮಾತು ನನ್ನದಕ್ಕಿಂತ ಚೆನ್ನಾಗಿತ್ತು.

ಅವರ ಸೀಮೆಗೆ ಜನರಲ್ ಸೈನ್ಯ ತಂದ ಪುಟ ಓದಿದೆ: 'ಆ ಪ್ರಾಂತ್ಯವನ್ನು ಬಿಡುಗಡೆ ಮಾಡಿದನು.' ಇನ್ನೊಂದು ಸಲ ಓದಿಸಿದರು.

"ಸರಿಯಾಗೇ ಬರ್ದಿದ್ದೀರಿ ಮೇಷ್ಟ್ರೇ. ನಂಗೂ ನಮ್ಮವ್ವಂಗೂ ಬುಡುಗಡೆ ಮಾಡ್ಸಿದ್ದು ಅವ್ನೇ."

ನಮ್ಮ ಹಳ್ಳಿಗಳಲ್ಲಿ ಗಂಡ ಹೆಂಡತಿ ಪಂಚಾಯ್ತಿ ಸೇರಿಸಿ ಬೇರೆಯಾಗುವುದಕ್ಕೆ ಬುಡುಗಡೆ ಎನ್ನುತ್ತಾರೆ. ಅವರಿಗೆ ಗೊತ್ತಿದ್ದದ್ದು ಅದೊಂದೇ ಅರ್ಥ. ನಾನು ತಿದ್ದಲಿಲ್ಲ.

ಅವ್ವನ ಊರಿನ ವಿಷಯ ಮುಂದೆ ಇದೆಯೇ ಎಂದು ಕೇಳಿದರು. ಇಲ್ಲವೆಂದು ಗೊತ್ತಿದ್ದೂ ಹುಚ್ಚನ ಹಾಗೆ ಹಾಳೆ ಮಗುಚಿದೆ. ಜನರಲ್‌ನ ಕುದುರೆಯ ಬಣ್ಣವಿತ್ತು, ಅವನಿಗೆ ಇಷ್ಟವಾದ ಖಾರದ ಅಡುಗೆಯಿತ್ತು, ಎದೆಯ ಪದಕಗಳಿದ್ದವು. ಹೊಳೆಯ ಆಚೆ ಉಳಿದ ಹೆಂಗಸಿಗೆ ಅರ್ಧ ಸಾಲೂ ಇರಲಿಲ್ಲ.

ಮನೆಗೆ ಬಂದವನೇ 'ಬಿಡುಗಡೆ ಮಾಡಿದನು' ಎಂಬುದನ್ನು ಹೊಡೆದುಹಾಕಿ 'ಆಕ್ರಮಿಸಿದನು' ಎಂದು ಬರೆದು ಕಳಿಸಿದೆ. ಮೂಲದಲ್ಲಿರುವುದನ್ನು ತಿರುಚಬಾರದೆಂದು ಪ್ರಕಾಶಕರು ಹಳೆಯದನ್ನೇ ಉಳಿಸಿದರು. ಜಗಳವಾಡಿದೆ, ಕೊನೆಗೆ ಬೇಡಿಕೊಂಡೆ. ಯಾವುದೂ ನಡೆಯಲಿಲ್ಲ.

ಪುಸ್ತಕ ಬಂದ ಮೇಲೆ ತಪ್ಪೊಪ್ಪಿಕೊಳ್ಳಲು ಮತ್ತೆ ಕ್ಯಾಂಪಿಗೆ ಹೋದೆ. ಪುಸ್ತಕದಲ್ಲಿ ಬಿಡುಗಡೆ ಎಂಬ ಮಾತಿಗೆ ಅರ್ಥ ಬೇರೆ, ಜನರನ್ನು ಕಷ್ಟದಿಂದ ಪಾರು ಮಾಡಿದ ಎಂದು ಅರ್ಥ, ಎಂದು ಹೇಳಿಬಿಟ್ಟೆ.

"ಬುಡುಗಡೆ ಅಂದ್ರೆ ಇಬ್ರುನ್ನೂ ಕೂರ್ಸಿ ಒಪ್ಗೆ ಕೇಳ್ತಾರೆ ಕಣ್ರೀ," ಎಂದರು ಮುದುಕರು. "ನಮ್ಮವ್ವನ್ನ ಯಾರ್ ಕೇಳಿದ್ರು?"

ಅವರಿಗೆಂದು ತಂದ ಪುಸ್ತಕ ಕಂಕುಳಲ್ಲೇ ಇತ್ತು. ಕೊಡದೆ ವಾಪಸು ತಂದೆ.