ಸೇತುವೆಯ ಮೇಲಿನ ಮ್ಯಾನೇಜರ್

ನಮ್ಮ ಕಾಕಾ ಚೆಂಡಿಗಿಂತ ಹೆಚ್ಚಾಗಿ ಎದುರಾಳಿಗಳ ಕಾಲನ್ನೇ ಒದ್ದವರು ಎಂದು ಮಲ್ಕಾಜ್‌ಗಿರಿಯ ರೈಲ್ವೆ ಕಾಲೊನಿಯಲ್ಲಿ ಈಗಲೂ ಹೇಳುತ್ತಾರೆ. ಅಪ್ಪನ ತಮ್ಮ ಅವರು. ಫಿಟ್ಟರ್ ಕೆಲಸಕ್ಕೆಂದು ಗದಗಿನಿಂದ ತೆಲುಗು ಸೀಮೆಯ ಈ ಊರಿಗೆ ಬಂದ ಮೊದಲ ವಾರವೇ ಕಾಲೊನಿಯ ಫುಟ್‌ಬಾಲ್ ತಂಡ ಸೇರಿದ್ದರು. ಆಳು ಗಿಡ್ಡ, ಸಿಟ್ಟು ಉದ್ದ. ಒಂದು ಪಂದ್ಯದಲ್ಲಿ ಮುಂದಿನ ಎರಡು ಹಲ್ಲು ಬಿದ್ದಾಗ ಅವನ್ನು ಅಲ್ಲೇ ಉಗಿದು ಚೆಂಡಿನ ಹಿಂದೆ ಓಡಿದರಂತೆ.

ಮೊಣಕಾಲು ಕೈಕೊಟ್ಟ ಮೇಲೆ ಡಾಕ್ಟರು ಆಟ ಸಾಕು ಅಂದರು. ಕಾಕಾ ಒಂದು ತಿಂಗಳು ಮನೆಯಲ್ಲಿ ಕೂತು ಟಿವಿಯೊಳಗಿನ ರೆಫರಿಗಳ ಜೊತೆ ಜಗಳವಾಡಿದರು. ಕೊನೆಗೆ ಅವರ ಹೆಂಡತಿ, ನಮ್ಮ ಕಾಕು, ತಾನೇ ತಂಡದ ಹಿರಿಯರ ಬಳಿ ಹೋಗಿ, "ಇವರನ್ನ ಮನ್ಯಾಗ ಇಟ್ಕೊಂಡು ನನಗ ಸಾಕಾಗೇತ್ರಿ. ಏನರ ಒಂದು ಕೆಲಸ ಹಚ್ರಿ" ಎಂದಳು. ಹಾಗೆ ಕಾಕಾ ಮ್ಯಾನೇಜರ್ ಆದರು.

ಆಗ ನಾನು ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತ, ತಂಡದ ಮುಂಚೂಣಿ ಆಟಗಾರ. ಮೈದಾನದಲ್ಲಿ ಅವರಿಗೆ ನಾನು ಅಣ್ಣನ ಮಗನಲ್ಲ. "ಲೇ ಪಾರ್ಸಲ್, ಹಂಗ ಬಿದ್ದಲ್ಲೇ ಬಿದ್ದಿದ್ರ ನಿನ್ನ ಯಾರು ಬಂದು ಎತ್ತತಾರೋ?" ಎಂದು ಗದರುವರು. ಸಂಜೆ ಮನೆಗೆ ಕರೆದು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿಸುವರು.

ನಾನು ಹೇಳಹೊರಟಿದ್ದು ಒಂದು ಸೆಮಿಫೈನಲ್ ಬಗ್ಗೆ. ಎದುರಿಗಿದ್ದದ್ದು ಲಿಂಗಂಪಲ್ಲಿ ಕಡೆ ಕಟ್ಟಡ ಕಟ್ಟುವ ಕೆಲಸಗಾರರ ತಂಡ. ರೆಫರಿಯೋ, ಕಾಕಾ ಆಡುವ ಕಾಲದಿಂದ ಅವರನ್ನು ಹೊರಗಟ್ಟುತ್ತ ಬಂದವರು. ಹಿಮಾಯತ್‌ನಗರದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಹಿರಿಯರು. ಹತ್ತು ನಿಮಿಷವೂ ಆಗಿರಲಿಲ್ಲ, ಒಂದು ಥ್ರೋ ಯಾರದು ಎಂದು ಕಾಕಾ ಗೆರೆ ದಾಟಿ ಒಳಗೆ ನುಗ್ಗಿದರು. ರೆಫರಿ ಶಾಂತವಾಗಿ ಕೆಂಪು ಕಾರ್ಡ್ ತೆಗೆದರು. "ಬಡೇ ಮಿಯಾ, ಬಾಹರ್."

ಮೈದಾನದ ಪಕ್ಕದಲ್ಲೇ ರೈಲು ಹಳಿ ದಾಟುವ ಕಾಲುಸೇತುವೆ. ಕಾಕಾ ಕುಂಟುತ್ತ ಅದರ ಮೆಟ್ಟಿಲು ಹತ್ತಿದರು. ಅಲ್ಲಿಂದ ಇಡೀ ಮೈದಾನ ಅಂಗೈಯಷ್ಟು ಸ್ಪಷ್ಟ. ನಮ್ಮ ತಂಡದವರೆಲ್ಲ ಕನ್ನಡ ಬಲ್ಲವರು, ಎದುರಿನವರಿಗೆ ಅದು ಬಾರದು ಎಂಬ ನಂಬಿಕೆಯಲ್ಲಿ ಅವರು ಮೇಲಿನಿಂದ ನಿಶ್ಚಿಂತೆಯಾಗಿ ಕೂಗತೊಡಗಿದರು: "ಎಡಕ್ಕ ಹಾಕ್ರಿ! ಪಾರ್ಸಲ್, ಅವನ ಹಿಂದ ಹೋಗು!"

ನಾನು ಹೋದಲ್ಲೆಲ್ಲ ಎದುರು ತಂಡದ ಡಿಫೆಂಡರ್ ನನಗಿಂತ ಮೊದಲೇ ನಿಂತಿರುತ್ತಿದ್ದ. ಎತ್ತರದ ಆಳು, ಮಾತಿಲ್ಲ. ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಅಷ್ಟರಲ್ಲಿ ಅವನ ತಂಡದವರು ಒಂದು ಗೋಲು ಹೊಡೆದರು. ವಿರಾಮಕ್ಕೆ ಸ್ವಲ್ಪ ಮುಂಚೆ ಕಾರ್ನರ್‌ಗಾಗಿ ಕಾಯುತ್ತಿದ್ದಾಗ ಅವನು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ: "ಅಣ್ಣಾ, ನಿಮ್ಮ ಯಜಮಾನ್ರು ಭಾಳ ಚಲೋ ಹೇಳ್ತಾರ ನೋಡ್ರಿ. ನೀವು ಕೇಳಾಕತ್ತಿಲ್ಲ."

ವಿರಾಮದಲ್ಲಿ ನಾವೆಲ್ಲ ಸೇತುವೆ ಹತ್ತಿದೆವು.

"ಕಾಕಾ, ಆ ಮನಷ್ಯಾಗ ಕನ್ನಡ ಬರ್ತೈತ್ರಿ."

ಕಾಕಾ ಕಂಬಿ ಹಿಡಿದು ಬಗ್ಗಿ ಕೆಳಗಿದ್ದ ಆ ಡಿಫೆಂಡರ್ ಕಡೆ ನೋಡಿದರು. ನಮ್ಮ ಗೋಲ್‌ಕೀಪರ್ ಒಂದು ಉಪಾಯ ಹೇಳಿದ: ಎಡಕ್ಕೆ ಬೇಕಾದಾಗ ಬಲಕ್ಕೆ ಎಂದು ಕೂಗಿದರಾಯಿತು.

"ಮಂದಿ ಕಾಲಿಗೆ ಒದ್ದೀನಿ," ಅಂದರು ಕಾಕಾ, "ಮೋಸ ಮಾಡಿಲ್ಲ. ಹೋಗ್ರಿ, ನಿಮಗ ತಿಳಿದಂಗ ಆಡ್ರಿ."

ಉತ್ತರಾರ್ಧದಲ್ಲಿ ಸೇತುವೆಯಿಂದ ಒಂದು ಶಬ್ದವೂ ಬರಲಿಲ್ಲ. ಒಮ್ಮೆ ತಿರುಗಿ ನೋಡಿದೆ. ಕಾಕಾ ಟವೆಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ನಮಗೆ ಮೊದಮೊದಲು ದಿಕ್ಕು ತೋಚದಂತಾಯಿತು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಆಡಲು ಕಲಿತೆವು. ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಆ ಡಿಫೆಂಡರ್ ಮೊದಲ ಬಾರಿಗೆ ತಪ್ಪು ಕಡೆ ವಾಲಿದ, ನಾನು ಗೋಲು ಹೊಡೆದೆ. ಅಂಥ ಖುಷಿ ನನಗೆ ನೌಕರಿಯ ಆರ್ಡರ್ ಬಂದಾಗಲೂ ಆಗಿರಲಿಲ್ಲ.

ಪೆನಾಲ್ಟಿಯಲ್ಲಿ ಸೋತೆವು. ನನ್ನ ಹೊಡೆತವೂ ಕಂಬಕ್ಕೆ ಬಡಿದು ಹೊರಗೆ ಹೋಯಿತು.

ಕಾಕಾ ಇಳಿದು ಬಂದು ನೆಟ್ಟಗೆ ಆ ಡಿಫೆಂಡರ್ ಕಡೆ ನಡೆದರು. ಇನ್ನೇನು ಹೊಡೆದಾಟವಾಗುತ್ತದೆ ಎಂದುಕೊಂಡು ರೆಫರಿಯೂ ನಾನೂ ಅವರ ಹಿಂದೆ ಓಡಿದೆವು.

"ಯಾವೂರಪಾ?"

"ಯಾದಗಿರಿ ಬಾಜೂಕ್ರಿ. ಇಲ್ಲಿ ಸೆಂಟ್ರಿಂಗ್ ಕೆಲಸ ಮಾಡ್ತೀನ್ರಿ."

"ನನ್ನ ಮಾತು ತಿಳೀತೇನು?"

"ಎಲ್ಲಾ ತಿಳೀತ್ರಿ. ನಡುವ ಬೈಯೂದೂ ತಿಳೀತ್ರಿ."

ಕಾಕಾ ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ಹತ್ತು ವರ್ಷ ಇವರಿಗೆ ಹೇಳೀನಿ. ಕೇಳಿದಾಂವ ನೀ ಒಬ್ಬನ. ನಡಿ, ಊಟ ಮಾಡೂಣು." ಆಮೇಲೆ ರೆಫರಿಯ ಕಡೆ ತಿರುಗಿ, "ಆಪ್ ಭೀ ಚಲೋ" ಎಂದರು. ಅವತ್ತು ಕಾಕು ಹಿಟ್ಟು ತೀರುವ ತನಕ ರೊಟ್ಟಿ ಬಡಿದಳು. ರೆಫರಿ ಸಾಹೇಬರು ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೋದರು.

ಮರುವರ್ಷ ಆ ಡಿಫೆಂಡರ್ ನಮ್ಮ ತಂಡ ಸೇರಿದ. ಭಾನುವಾರ ಲಿಂಗಂಪಲ್ಲಿಯಿಂದ ಮೊದಲ ಲೋಕಲ್ ಹಿಡಿದು ಬರುತ್ತಿದ್ದ. ಕಪ್ ನಮಗೆ ಸಿಕ್ಕಿದ್ದು ಅದರ ಮುಂದಿನ ವರ್ಷ. ಈಗ ತಂಡದ ಮ್ಯಾನೇಜರ್ ಅವನೇ. ಅವನು ಕೂಗುವುದಿಲ್ಲ, ಹತ್ತಿರ ಕರೆದು ಹೇಳುತ್ತಾನೆ. ಕಾಕಾ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ. ಹೋದ ಭಾನುವಾರ ಅವರು ಸಿಟ್ಟಿನಿಂದ ಏಳುತ್ತಿದ್ದಂತೆ ಅವನು ಮೈದಾನದಿಂದ ಕಣ್ಣು ಕದಲಿಸದೆಯೇ, "ಕುಂದರ್ರಿ ಯಜಮಾನ್ರ, ಅದು ಅವರದ ಥ್ರೋ" ಎಂದ.

ಕಾಕಾ ಒಂದು ಕ್ಷಣ ಯೋಚಿಸಿ, ಕೂತರು.